ರೂಪಾಂತರ, ಅಳವಡಿಕೆ, ಧ್ವನಿರೂಪ: ಯಾವುದು ಹೊಂದುತ್ತದೆ?

ಗೆಳೆಯರೇ, ನಮಸ್ಕಾರ.

ನಾವು ಐದಾರು ಮಂದಿ ಸೇರಿ ಶೇಕ್ಸ್‌ಪಿಯರನ 'ಒಥೆಲೊ' ನಾಟಕವನ್ನು ಕನ್ನಡದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದೇವೆ. ಕಣ್ಣು ಕಾಣದವರೂ ಕೇಳಲಿ ಅನ್ನೋ ಆಸೆ. ಕೆಲಸ ಮುಕ್ಕಾಲು ಮುಗಿದಿದೆ. ಶುರುವಿನಲ್ಲಿ ಹೇಳಬೇಕಾದ ಒಂದೇ ಸಾಲಿಗೆ ಬಂದು ನಿಂತಿದ್ದೇವೆ. 'ರೂಪಾಂತರ' ಅನ್ನಬೇಕಾ, 'ಅಳವಡಿಕೆ' ಅನ್ನಬೇಕಾ?

ರೂಪಾಂತರಕ್ಕೆ ನಮ್ಮ ನಾಟಕಲೋಕದಲ್ಲಿ ಆಗಲೇ ಗಟ್ಟಿಯಾದ ಒಂದು ಅರ್ಥ ಇದೆ. ಗ್ರೀಕ್ ನಾಟಕಕಾರ ಸೊಫೋಕ್ಲಿಸನ 'ಅಜಾಕ್ಸ್' ಬಿ.ಎಂ.ಶ್ರೀ ಅವರ ಕೈಯಲ್ಲಿ 'ಅಶ್ವತ್ಥಾಮನ್' ಆಯಿತು. 'ಹ್ಯಾಮ್ಲೆಟ್' ಕುವೆಂಪು ಅವರಲ್ಲಿ ಬಿದನೂರಿನ 'ರಕ್ತಾಕ್ಷಿ' ಆಯಿತು. ಊರು, ಹೆಸರು, ಕಾಲ ಎಲ್ಲ ಬೇರೆ. ನಮ್ಮ ಒಥೆಲೊ ಸೈಪ್ರಸ್‌ನಲ್ಲೇ ಇದ್ದಾನೆ. ಕಣ್ಣಿನಿಂದ ಕಿವಿಗೆ ಬಂದಿದ್ದಾನೆ, ಅಷ್ಟೇ.

ಅಷ್ಟೇ ಅಂದೆ, ಆದರೆ ಅದು ಸಣ್ಣ ಕೆಲಸ ಅಲ್ಲ. ಕರವಸ್ತ್ರದ ಜಾಗವನ್ನೇ ನೋಡಿ. ಒಥೆಲೊ ತಲೆನೋವು ಅನ್ನುತ್ತಾನೆ. ಹೆಂಡತಿ ಡೆಸ್ಡಿಮೋನ ಅವನ ಹಣೆಗೆ ಕರವಸ್ತ್ರ ಕಟ್ಟಲು ಬರುತ್ತಾಳೆ. ಚಿಕ್ಕದು, ಬಿಡು ಅನ್ನುತ್ತಾನೆ. ಕರವಸ್ತ್ರ ಕೆಳಗೆ ಬೀಳುತ್ತದೆ. ಬಿತ್ತು ಅಂತ ಯಾರೂ ಹೇಳುವುದಿಲ್ಲ. ರಂಗದ ಮುಂದೆ ಕೂತವರಿಗೆಲ್ಲ ಕಾಣುತ್ತದೆ, ಗಂಡ ಹೆಂಡತಿಗೆ ಮಾತ್ರ ಗಮನವಿಲ್ಲ. ಬಟ್ಟೆ ಬಿದ್ದರೆ ಸದ್ದೂ ಆಗುವುದಿಲ್ಲ. ಕೇಳುವವರಿಗೆ ಗೊತ್ತಾಗುವುದು ಡೆಸ್ಡಿಮೋನಳ ಸಖಿ ಎಮಿಲಿಯಾ ಅದನ್ನೆತ್ತಿಕೊಂಡು ಮಾತಾಡಿದ ಮೇಲೆಯೇ. ನಾವು ಮೂರು ಸಲ ಬರೆದು ಹೊಡೆದುಹಾಕಿದೆವು. ಕೊನೆಗೆ, ಅದು ಬೀಳುವ ಹೊತ್ತಿಗೆ ಎಮಿಲಿಯಾ ಸಣ್ಣಗೆ ಉಸಿರೆಳೆದುಕೊಳ್ಳುವ ಸದ್ದು ಇಟ್ಟೆವು.

ಇದೇ ಕತೆಯನ್ನು ಹಾಡಿನಲ್ಲೇ ನಡೆಸುವ, ಇಟಲಿಯ ಸಂಗೀತಗಾರ ವೆರ್ಡಿಯ ಒಪೆರಾದಲ್ಲಿ (ಮಿಲಾನ್, 1887) ಒಥೆಲೊ ತಾನೇ ಅದನ್ನು ನೆಲಕ್ಕೆಸೆಯುತ್ತಾನೆ. ಈ ಮೂವರೂ ಎಮಿಲಿಯಾಳ ಗಂಡ, ಸಂಚುಗಾರ ಇಯಾಗೊನೂ ಸೇರಿ ನಾಲ್ವರೂ ಒಟ್ಟಿಗೆ ಹಾಡುತ್ತಿರುವಾಗ ಇಯಾಗೊ ಹೆಂಡತಿಯ ಕೈಯಿಂದ ಅದನ್ನು ಕಿತ್ತುಕೊಳ್ಳುತ್ತಾನೆ. ನಾಲ್ವರು ಒಟ್ಟಿಗೆ ಮಾತಾಡಿದರೆ ಗದ್ದಲ, ಹಾಡಿದರೆ ಅದೇ ದೃಶ್ಯದ ಜೀವ. ಸಾಹಿತ್ಯ ಬರೆದ ಬೊಯಿಟೊ ವೆನಿಸ್‌ನ ಮೊದಲ ಅಂಕವನ್ನೇ ಕೈಬಿಟ್ಟ. ಅದೂ ರೂಪಾಂತರ, ನಮ್ಮದೂ ರೂಪಾಂತರ, 'ರಕ್ತಾಕ್ಷಿ'ಯೂ ರೂಪಾಂತರ ಅಂದರೆ ಪದ ಏನು ಹೇಳಿದ ಹಾಗಾಯಿತು?

'ಅಳವಡಿಸು' ಒಳ್ಳೆಯ ಪದ. ಹೊಂದಿಸು, ಒಗ್ಗಿಸು ಅನ್ನುವ ಅರ್ಥ ಅದರಲ್ಲಿದೆ. ಆದರೆ ಈಗ 'ಸಿಸಿ ಕ್ಯಾಮೆರಾ ಅಳವಡಿಸಲಾಗಿದೆ' ಅನ್ನುವ ಬೋರ್ಡುಗಳಲ್ಲೇ ಜಾಸ್ತಿ ಕಾಣುತ್ತದೆ. ಮೊಳೆ ಹೊಡೆದು ಕೂರಿಸಿದ ಹಾಗೆ ಕೇಳಿಸುತ್ತದೆ.

ನನಗೆ ದಾರಿ ತೋರಿದ್ದು 'ರಂಗರೂಪ'. ಕಾದಂಬರಿ ನಾಟಕವಾದರೆ ಎಲ್ಲರೂ ಸಲೀಸಾಗಿ ರಂಗರೂಪ ಅನ್ನುತ್ತೇವೆ. ರೂಪಾಂತರದ 'ಅಂತರ' ಅಂದರೆ ಬೇರೊಂದು, ಭಾಷಾಂತರ, ದೇಶಾಂತರ ಇದ್ದ ಹಾಗೆ. ರೂಪ ಬೇರೆಯಾಯಿತು ಅನ್ನುತ್ತದೆ, ಯಾವ ರೂಪ ಅಂತ ಹೇಳುವುದಿಲ್ಲ. ರಂಗರೂಪ ಅದನ್ನು ಹೇಳುತ್ತದೆ. ಅದೇ ಅಚ್ಚಿನಲ್ಲಿ 'ಧ್ವನಿರೂಪ' ಅಂದರೆ ಹೇಗೆ? 'ಬಾನುಲಿರೂಪ' ಕಿವಿಗೆ ಇಂಪು, ಆದರೆ ಪ್ರಸಾರವೇ ಆಗದ ಮುದ್ರಣಕ್ಕೆ ಹೊಂದುವುದಿಲ್ಲ.

ಎರಡು ಅಳುಕು ಉಳಿದಿವೆ. ಕಾವ್ಯಮೀಮಾಂಸೆ ಓದಿದವರಿಗೆ 'ಧ್ವನಿ' ಅಂದ ಕೂಡಲೇ ಸೂಚ್ಯಾರ್ಥ ನೆನಪಾಗುತ್ತದೆ. 'ದನಿರೂಪ' ಅಂದುಬಿಟ್ಟರೆ ಆ ತೊಡಕು ತಪ್ಪುತ್ತದಾ? ಇನ್ನೊಂದು, ಕ್ರಿಯಾಪದ. 'ರಂಗಕ್ಕೆ ತಂದರು' ಅನ್ನುತ್ತೇವೆ. 'ದನಿಗೆ ತಂದರು' ಇನ್ನೂ ನಾಲಿಗೆಗೆ ಒಗ್ಗುತ್ತಿಲ್ಲ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ನಾಟಕದ ಗ್ರಾಮಫೋನ್ ತಟ್ಟೆಗಳಿದ್ದರೆ, ಅವುಗಳ ಮೇಲೆ ಯಾವ ಮಾತು ಅಚ್ಚಾಗಿದೆ ನೋಡಿ ತಿಳಿಸುತ್ತೀರಾ? ಮುಂದಿನ ಭಾನುವಾರ ಆ ಸಾಲು ಮುದ್ರಿಸಬೇಕು.