ಟೂಲ್‌ರೂಮ್‌ನವರು (ಪ್ಲಾಸ್ಟಿಕ್ ಅಚ್ಚು ಮಾಡುವವರು) ಬ್ಲೆಂಡರ್ ಫೈಲ್ ಯಾಕೆ ಒಪ್ಪಲ್ಲ? ಕ್ಯಾಡ್ ಹಿಡಿಯಲೋ, ಆರ್ಟ್ ಮಾಡೆಲಿಂಗ್ ಹಿಡಿಯಲೋ?

ಭೋಸರಿ_ಮೆಕ್ಯಾನಿಕಲ್:
ಬಿಇ ಮೆಕ್ಯಾನಿಕಲ್ ಆಗಿದೆ. ಕ್ಯಾಡ್ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್ ಬರುತ್ತೆ, ಆರ್ಟ್ ಮಾಡೆಲಿಂಗ್ ಸಾಫ್ಟ್‌ವೇರ್ ಬ್ಲೆಂಡರ್ ಕೂಡ ಕೈಗೆ ಹತ್ತಿದೆ. ಮಿಕ್ಸರ್ ಜಾರಿನ ಹಿಡಿಕೆ (150 ಮಿ.ಮೀ., ಪಿಪಿ ಪ್ಲಾಸ್ಟಿಕ್) ಬ್ಲೆಂಡರ್‌ನಲ್ಲಿ ಮಾಡಿ ಎಸ್‌ಟಿಎಲ್ (ಬರೀ ತ್ರಿಕೋನಗಳ ಫೈಲ್) ಕೊಟ್ಟರೆ ಟೂಲ್‌ರೂಮ್‌ನವರು ಸ್ಟೆಪ್ (ಕ್ಯಾಡ್‌ನ ಫೈಲ್) ಕೇಳ್ತಾರೆ. ಕನ್ವರ್ಟ್ ಮಾಡಿಕೊಟ್ಟರೂ ಬೇಡವಂತೆ. ತಪ್ಪು ಎಲ್ಲಿದೆ? ಪುಣೆ-ಮುಂಬೈಯಲ್ಲಿ ಡಿಸೈನ್‌ನಲ್ಲೇ ಇರಬೇಕೆಂದರೆ ಯಾವುದನ್ನು ಗಟ್ಟಿ ಮಾಡಿಕೊಳ್ಳಲಿ?

ಮೋಲ್ಡ್_ಮೇಷ್ಟ್ರು:
ಬ್ಲೆಂಡರ್ ಮಾಡೋದು ಮೆಶ್, ಅಂದರೆ ಚಪ್ಪಟೆ ತುಂಡುಗಳ ಬಲೆ. ಅದರಲ್ಲಿ ವೃತ್ತ ಅನ್ನೋದೇ ಇಲ್ಲ ಸರ್, ಬಹುಭುಜ ಇರೋದು. ಬ್ಲೆಂಡರ್ ತಾನಾಗಿ ಕೊಡೋದು 32 ಮೂಲೆ. 20 ಮಿ.ಮೀ. ತೂತು ಹಾಗೆ ಮಾಡಿದರೆ ಮೂಲೆಯಿಂದ ಮೂಲೆಗೆ 20 ಸರಿ, ಎದುರುಬದುರು ಬದಿಗಳ ನಡುವೆ ಮಾತ್ರ 19.90. ಎಚ್7 ಫಿಟ್‌ಗೆ (ತೂತಿನ ಅಳತೆ ಎಷ್ಟು ಆಚೀಚೆ ಆಗಬಹುದು ಅನ್ನೋ ಮಿತಿ) ಅದೇ ತೂತು 20.000ರಿಂದ 20.021ರೊಳಗೆ ಇರಬೇಕು. ಶಾಫ್ಟ್ ಒಳಗೇ ಹೋಗಲ್ಲ. 256 ಮೂಲೆ ಮಾಡಿದರೆ ಅಳತೆ ಹತ್ತಿರ ಬರುತ್ತೆ, ಆದರೂ ಅದು ಸಿಲಿಂಡರ್ ಅಲ್ಲ, 256 ಪಟ್ಟಿ.

ಕನ್ವರ್ಟ್ ಮಾಡಿದ ಸ್ಟೆಪ್‌ನಲ್ಲೂ ಅವೇ ಸಾವಿರಾರು ತ್ರಿಕೋನಗಳು ಪುಟ್ಟ ಪುಟ್ಟ ಫೇಸ್ ಆಗಿ ಕೂತಿರುತ್ತವೆ. ಅದಕ್ಕೆ ಡ್ರಾಫ್ಟ್ (ಅಚ್ಚಿಂದ ಸಲೀಸಾಗಿ ಬಿಡಲು ಗೋಡೆಗೆ ಕೊಡುವ ಓರೆ) ಕೊಡಲಾಗಲ್ಲ, ಫಿಲೆಟ್ (ಮೂಲೆಯ ದುಂಡು) ಬದಲಿಸಲಾಗಲ್ಲ. ನಿಮ್ಮ ಹಿಡಿಕೆಗೆ ಪಾರ್ಟಿಂಗ್ ಲೈನಿಂದ (ಅಚ್ಚಿನ ಎರಡು ಭಾಗ ಸೇರುವ ಗೆರೆ) ಎರಡೂ ಕಡೆ ಕನಿಷ್ಠ 1 ಡಿಗ್ರಿ ಡ್ರಾಫ್ಟ್ ಬೇಕು. ಟೆಕ್ಸ್ಚರ್ ಇದ್ದರೆ ಪ್ರತಿ 0.025 ಮಿ.ಮೀ. ಆಳಕ್ಕೆ ಇನ್ನೊಂದು ಡಿಗ್ರಿ ಸೇರಿಸಿ. ಇಲ್ಲದಿದ್ದರೆ ಮೋಲ್ಡಿಂದ ಬಿಡುವಾಗ ಮೈಯೆಲ್ಲ ಗೀರು. ಗೋಡೆ 2.5 ಮಿ.ಮೀ. ಇದ್ದರೆ ಒಳಗಿನ ರಿಬ್ (ಬಲಕ್ಕೆ ಕೊಡುವ ಪಟ್ಟಿ) ದಪ್ಪ 1.5 ದಾಟಬಾರದು, ದಾಟಿದರೆ ಹೊರಗೆ ಸಿಂಕ್ ಮಾರ್ಕ್ (ತಗ್ಗು) ಬೀಳುತ್ತೆ. ಪಿಪಿ 1ರಿಂದ 2.5% ಕುಗ್ಗುತ್ತೆ. ಅದನ್ನು ಟೂಲ್‌ರೂಮ್‌ನವರೇ ಕೂಡಿಸಿಕೊಳ್ತಾರೆ, ನೀವೂ ಕೂಡಿಸಿ ಕಳಿಸಬೇಡಿ.

ಮೆಶ್_ಪ್ರಿಯ:
ಒಪ್ಪಿದೆ, ಆದರೆ ಉಲ್ಟಾ ದಾರಿಯೂ ಅಷ್ಟೇ ಕೆಟ್ಟದ್ದು. ಸಾಲಿಡ್‌ವರ್ಕ್ಸ್ ಪಾರ್ಟನ್ನು ಅನಿಮೇಷನ್‌ಗೆ ತಂದರೆ ಸೂಜಿಯಂಥ ಉದ್ದ ತ್ರಿಕೋನಗಳು ಬರ್ತವೆ, ಯುವಿ (ಮೈಗೆ ಚಿತ್ರ ಅಂಟಿಸುವ ನಕ್ಷೆ) ಇರಲ್ಲ, ನೆರಳು ಕಲೆಕಲೆಯಾಗಿ ಕಾಣುತ್ತೆ. ಮುಂಬೈ ವಿಎಫ್‌ಎಕ್ಸ್ ಕೆಲಸಕ್ಕೆ ಕ್ವಾಡ್ ಮೆಶ್ (ನಾಲ್ಕು ಮೂಲೆಯ ತುಂಡುಗಳದ್ದು), ಮೊಣಕೈ ಮಡಚುವಲ್ಲಿ ಸರಿಯಾದ ಎಡ್ಜ್ ಲೂಪ್ (ಸುತ್ತುವರಿದ ಗೆರೆಗಳು), ಇವೇ ಬಂಡವಾಳ. ಟಾಲರೆನ್ಸ್ ಅಲ್ಲಿ ಯಾರೂ ಕೇಳಲ್ಲ.

ಆಕಾರ ಹುಡುಕೋಕೆ ಬ್ಲೆಂಡರೇ ವಾಸಿ. ನಾಲ್ಕು ಥರ ಹಿಡಿಕೆ ಮಾಡಿ, 3ಡಿ ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದು ನೋಡಿ. ಪ್ರಿಂಟ್‌ಗೆ ಕಳಿಸುವ ಮೊದಲು ಕಂಟ್ರೋಲ್ ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ, ಶಿಫ್ಟ್ ಎನ್‌ನಿಂದ ನಾರ್ಮಲ್ (ಮೈ ಯಾವ ಕಡೆ ಮುಖ ಮಾಡಿದೆ ಅನ್ನೋದು) ಸರಿಮಾಡಿ. ಎಸ್‌ಟಿಎಲ್‌ನಲ್ಲಿ ಯೂನಿಟ್ ಇರಲ್ಲ. ಮೀಟರಲ್ಲಿ ಕೆಲಸ ಮಾಡಿದ್ದರೆ ಎಕ್ಸ್‌ಪೋರ್ಟ್ ಸ್ಕೇಲ್ 1000 ಕೊಡಿ, ಇಲ್ಲಾಂದ್ರೆ ಹಿಡಿಕೆ ಮರಳಿನ ಕಾಳಷ್ಟು ಬರುತ್ತೆ. ಒಪ್ಪಿಗೆಯಾದ ಆಕಾರವನ್ನು ಕ್ಯಾಡ್‌ನಲ್ಲಿ ಅಡಿಯಲ್ಲಿಟ್ಟುಕೊಂಡು ಸರ್ಫೇಸ್ ಹೊಸದಾಗಿ ಕಟ್ಟಬೇಕು. ಬೇಸರದ ಕೆಲಸ, ಅಡ್ಡದಾರಿ ಇಲ್ಲ.

ಪೊವಾಯಿ_ಲೋಕಲ್:
ಎರಡೂ ಇಷ್ಟ ಅಂದರೆ ನಡುವಿನ ಕೆಲಸಗಳೂ ಇವೆ. ವಾಹನದ ಹೊರಮೈಗೆ ಏಲಿಯಾಸ್ ಸಾಫ್ಟ್‌ವೇರ್. ಅಲ್ಲಿ ಎರಡು ಸರ್ಫೇಸ್ ಎಷ್ಟು ನಯವಾಗಿ ಸೇರಿವೆ ಅನ್ನೋದಕ್ಕೆ ಜಿ0, ಜಿ1, ಜಿ2 ಅಂತಾರೆ: ಜೀಬ್ರಾ ಪಟ್ಟೆ ಹಾಕಿ ನೋಡಿದಾಗ ಜೋಡಣೆಯಲ್ಲಿ ಪಟ್ಟೆ ತುಂಡಾದರೆ ಜಿ0, ಸೇರಿ ಮುರಿದಂತೆ ತಿರುಗಿದರೆ ಜಿ1, ನುಣ್ಣಗೆ ಹರಿದರೆ ಜಿ2. ಜವೇರಿ ಬಜಾರ್ ಕಡೆಯ ಒಡವೆ ಕೆಲಸಕ್ಕಾದರೆ ದೇವರ ಮುಖ ಝೀಬ್ರಷ್‌ನಲ್ಲಿ (ಕೆತ್ತಿದಂತೆ ಮಾಡುವ ಸಾಫ್ಟ್‌ವೇರ್), ಹರಳು ಕೂರಿಸುವ ಭಾಗ ರೈನೋದಲ್ಲಿ (ಅಳತೆಯ ಕ್ಯಾಡ್).

ಓದೋದಾದರೆ ಐಐಟಿ ಬಾಂಬೆಯ ಡಿಸೈನ್ ಶಾಲೆ ಐಡಿಸಿಯಲ್ಲಿ (1969ರಿಂದ ಇದೆ) ಇಂಡಸ್ಟ್ರಿಯಲ್ ಡಿಸೈನ್, ಅನಿಮೇಷನ್ ಎರಡರಲ್ಲೂ ಎಂ.ಡೆಸ್ (ಡಿಸೈನ್ ಸ್ನಾತಕೋತ್ತರ ಪದವಿ) ಇದೆ. ಬಿಇ ಆದವರು ಅದರ ಪ್ರವೇಶ ಪರೀಕ್ಷೆ ಸೀಡ್ (CEED) ಬರೆಯಬಹುದು. ಪರೀಕ್ಷೆಯಲ್ಲಿ ಯಾವ ಸಾಫ್ಟ್‌ವೇರೂ ಕೇಳಲ್ಲ; ಬಿ ಭಾಗದಲ್ಲಿ ಕೈಯಿಂದಲೇ ಸ್ಕೆಚ್ ಮಾಡಬೇಕು. ಮೌಸ್ ಬಿಟ್ಟು ಪೆನ್ಸಿಲ್ ಹಿಡೀರಿ.

ಭೋಸರಿ_ಮೆಕ್ಯಾನಿಕಲ್:
ಎಲ್ಲರಿಗೂ ಥ್ಯಾಂಕ್ಸ್. ಸರ್ಫೇಸ್ ಕಟ್ಟುವಾಗ ಎಲ್ಲಿಂದ ಶುರು ಮಾಡಲಿ?

ಮೋಲ್ಡ್_ಮೇಷ್ಟ್ರು:
ಹಿಡಿಕೆ ಜಾರ್ ಮೇಲೆ ಕೂರುವ ಮುಖ ಮತ್ತು ಸ್ಕ್ರೂ ಬಾಸ್‌ನಿಂದ (ಸ್ಕ್ರೂ ಹಿಡಿಯುವ ಗುಬ್ಬಿ). ಅವು ಅಳತೆಗೆ ಕಟ್ಟುಬಿದ್ದವು. ಆಮೇಲೆ ಪಾರ್ಟಿಂಗ್ ಲೈನ್, ಬೆರಳು ಹಿಡಿಯುವ ಬಾಗು ಕೊನೆಗೆ.