ಸಹಾಯ ಬೇಕು: ಡ್ಯಾನ್ಸ್ ಫಿಲ್ಮ್ ಶೂಟಿಂಗ್‌ಗೆ ಬೆಂಗಳೂರಿನಲ್ಲಿ ಒಂದು ಹಾಲ್

ಎಲ್ಲರಿಗೂ ನಮಸ್ಕಾರ. ನಾನು ವೀಲ್‌ಚೇರ್‌ನಲ್ಲಿ ಕೂತೇ ಕುಣಿಯುವವಳು, ಕ್ವೀರ್ ಕೂಡ. ನನ್ನ ಗೆಳತಿಯ ಜೊತೆ 8 ನಿಮಿಷದ ಡ್ಯಾನ್ಸ್ ಫಿಲ್ಮ್ ಮಾಡುತ್ತಿದ್ದೇನೆ. ಇಬ್ಬರು ಹೆಂಗಸರ ಪ್ರೀತಿಯ ಕಥೆ.

ಮಾತಾಗಿದ್ದ ಹಾಲ್ ಹೋದ ವಾರ ಕೈತಪ್ಪಿತು. ರ‍್ಯಾಂಪ್ ಇದೆ ಅಂದಿದ್ದರು. ಹೋಗಿ ನೋಡಿದರೆ ಸಾಮಾನು ಏರಿಸುವ ಕಡಿದಾದ ಹಲಗೆ! 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ರ‍್ಯಾಂಪ್ ಬೇಕು. "ಇಬ್ಬರು ಎತ್ತಿ ಒಳಗೆ ಬಿಡ್ತಾರೆ ಬಿಡಿ" ಅಂದರು. ನಾನೇನು ಬೀರುವಾ? ಕಥೆ ಕೇಳಿದ ಮೇಲಂತೂ ಡೇಟೇ ಇಲ್ಲ ಎಂದುಬಿಟ್ಟರು. ಸಲಿಂಗ ಪ್ರೀತಿ ಅಪರಾಧವಲ್ಲ ಅಂತ ಸೆಕ್ಷನ್ 377ರ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದಿದ್ದು 2018ರಲ್ಲಿ, ಅಲ್ವಾ?

ಈಗ ಬೇಕಿರುವುದು 2 ದಿನಕ್ಕೆ ನೆಲಮಹಡಿಯ ಜಾಗ. ಮಲ್ಲೇಶ್ವರ, ರಾಜಾಜಿನಗರ ಕಡೆ ಸಿಕ್ಕರೆ ಒಳ್ಳೆಯದು. ನೆಲ ಸಮ ಇರಲಿ, ಸಂದಿಗೆ ಮುಂದಿನ ಸಣ್ಣ ಚಕ್ರ ಸಿಕ್ಕಿದರೆ ಮುಗ್ಗರಿಸುತ್ತೇನೆ. ಟಾಯ್ಲೆಟ್ ಬಾಗಿಲು 3 ಅಡಿ ಅಗಲ ಇರಬೇಕು. ದಯವಿಟ್ಟು ಕಣ್ಣಂದಾಜು ಬೇಡ, ಟೇಪ್ ಹಿಡಿದು ಹೇಳಿ.

ಕ್ಯಾಮೆರಾ ಹಿಡಿಯುವವರೂ ಒಬ್ಬರು ಬೇಕು. ಟ್ರಾಲಿ ತರಬೇಡಿ, ನನ್ನ ಹಳೇ ವೀಲ್‌ಚೇರ್‌ನಲ್ಲಿ ಕೂತು ಶೂಟ್ ಮಾಡಿ. ಅಷ್ಟು ನುಣ್ಣಗೆ ಓಡುತ್ತದೆ! 20 ನಿಮಿಷಕ್ಕೊಮ್ಮೆ ನಾನು ಕೈಯೂರಿ ಮೈ ಎತ್ತಬೇಕು, ಇಲ್ಲದಿದ್ದರೆ ಕೂತಲ್ಲೇ ಹುಣ್ಣಾಗುತ್ತದೆ. ಹಾಗಾಗಿ ತಾಳ್ಮೆ ಇರುವವರು ಬನ್ನಿ. ದುಡ್ಡು ಕೊಡುತ್ತೇವೆ, ಜಾಸ್ತಿ ಏನಲ್ಲ. ಊಟ ಅಂತೂ ಇದೆ.

ಇನ್ನೊಂದು ಮಾತು. ಗೆಳತಿಯ ಮನೆಯಲ್ಲಿ ಇನ್ನೂ ಹೇಳಿಲ್ಲ. ಇಲ್ಲಿ ಯಾರನ್ನೂ ಟ್ಯಾಗ್ ಮಾಡಬೇಡಿ, ನನಗೇ ಮೆಸೇಜ್ ಹಾಕಿ.