ಜಿಎಸ್‌ಟಿ ಆರ್ಡರ್ ಬಂದು 3 ತಿಂಗಳು ದಾಟಿದೆ, ಸೀದಾ ಹೈಕೋರ್ಟಿಗೆ ಹೋಗಲಾ?

ಪ್ರಶ್ನೆ: ಚಿಕ್ಕಪೇಟೆಯಲ್ಲಿ ನಮ್ಮದು ಸಣ್ಣ ಬಟ್ಟೆ ಅಂಗಡಿ. 4 ಲಕ್ಷ ತೆರಿಗೆ ಕಟ್ಟಿ ಅಂತ ಪೋರ್ಟಲ್‌ಗೆ ಆರ್ಡರ್ ಬಂದು 3 ತಿಂಗಳು 10 ದಿನ ಆಗಿದೆ. ನಾನು ನೋಡಿದ್ದು ಮೊನ್ನೆ. ಮೇಲ್ಮನವಿ ಟೈಮ್ ಮುಗೀತು, ಹೈಕೋರ್ಟಿಗೆ ಹೋಗಿ ಅಂತಾರೆ. ಅನುಭವ ಇದ್ದವರು ಹೇಳಿ.

ಪೀಣ್ಯದವರು: ಹೈಕೋರ್ಟ್ ಆಮೇಲೆ ಸಾರ್. ನಿಮಗಿನ್ನೂ 20 ದಿನ ಇದೆ. ಮೇಲ್ಮನವಿಗೆ 3 ತಿಂಗಳು, ತಡಕ್ಕೆ ಸರಿಯಾದ ಕಾರಣ ಇದ್ದರೆ ಇನ್ನೊಂದು ತಿಂಗಳು. ಅದೂ ದಾಟಿದರೆ ಅಧಿಕಾರಿಗೆ ಮನಸ್ಸಿದ್ದರೂ ತಗೊಳ್ಳುವ ಹಾಗಿಲ್ಲ. ನನಗೆ ಆಗಿದ್ದು ಅದೇ. ನಮ್ಮದು ಲೇತ್ ವರ್ಕ್‌ಶಾಪ್. ಆರ್ಡರ್ ಕೂತಿದ್ದು ಪೋರ್ಟಲ್‌ನ 'ಅಡಿಷನಲ್ ನೋಟಿಸಸ್ ಅಂಡ್ ಆರ್ಡರ್ಸ್' ಮೂಲೆಯಲ್ಲಿ. ತಿಂಗಳು ತಿಂಗಳು ರಿಟರ್ನ್ ಹಾಕುವ ಹುಡುಗ ಒಂದು ಸಲವೂ ಅಲ್ಲಿ ಕ್ಲಿಕ್ ಮಾಡಿರಲಿಲ್ಲ. ಒಂದು ಶನಿವಾರ ಕೆಲಸದವರಿಗೆ ಬಟವಾಡೆ ಮಾಡೋಣ ಅಂದರೆ ಕರೆಂಟ್ ಅಕೌಂಟ್ ಲಾಕ್! ಅಷ್ಟೊತ್ತಿಗೆ ಆರನೇ ತಿಂಗಳು. ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದೆವು. ನೋಟಿಸ್ ಕಣ್ಣಿಗೇ ಬೀಳಲಿಲ್ಲ, ನಮ್ಮ ಮಾತು ಯಾರೂ ಕೇಳಲಿಲ್ಲ ಅಂದಿದ್ದನ್ನು ಕೋರ್ಟ್ ಒಪ್ಪಿ, ಒಂದಿಷ್ಟು ದುಡ್ಡು ಕಟ್ಟಿಸಿ, ಮತ್ತೆ ವಿಚಾರಿಸಿ ಅಂತ ಕೇಸನ್ನು ಆರ್ಡರ್ ಕೊಟ್ಟ ಅಧಿಕಾರಿಗೇ ವಾಪಸ್ ಕಳಿಸಿತು. ನಮ್ಮ ಪುಣ್ಯ, ಅಷ್ಟೇ. ವಕೀಲರ ಫೀಸು ಬೇರೆ.

ಜಯನಗರದ ಟ್ಯಾಕ್ಸ್ ಪ್ರಾಕ್ಟೀಷನರ್: ಪುಣ್ಯ ಅಂದಿದ್ದು ಸರಿಯೇ. ರಿಟ್‌ಗೆ ಇಷ್ಟೇ ದಿನ ಅಂತ ಗಡುವಿಲ್ಲ, ಆದರೆ ತಡ ಯಾಕೆ ಅಂತ ಕೇಳೇ ಕೇಳ್ತಾರೆ. ಮೇಲ್ಮನವಿ ಗಡುವು ಪೂರ್ತಿ ಕಳೆದುಕೊಂಡು ರಿಟ್‌ಗೆ ಬಂದ ಗ್ಲಾಕ್ಸೊ ಕಂಪನಿಯ ವ್ಯಾಟ್ (ಜಿಎಸ್‌ಟಿಗೂ ಮುಂಚಿನ ಮಾರಾಟ ತೆರಿಗೆ) ಕೇಸಿನಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಕಂಪನಿ ಪರ ನಿಲ್ಲಲಿಲ್ಲ. ನೀವು ಮೇಲ್ಮನವಿ ಫಾರಂ ಎಪಿಎಲ್-01 ಹಾಕಿ. 4 ಲಕ್ಷಕ್ಕೂ ತಕರಾರಿದ್ದರೆ ಶೇ. 10, ಅಂದರೆ 40,000 ಮೊದಲೇ ಕಟ್ಟಬೇಕು. ಕಟ್ಟಿದರೆ ಉಳಿದದ್ದರ ವಸೂಲಿ ನಿಲ್ಲುತ್ತದೆ. 3 ತಿಂಗಳು ದಾಟಿರುವುದರಿಂದ ಈಗ ಅವರು ಯಾವಾಗ ಬೇಕಾದರೂ ವಸೂಲಿಗೆ ಇಳಿಯಬಹುದು.

ಮಲ್ಲೇಶ್ವರದವರು: ಆರ್ಡರ್‌ನಲ್ಲಿರುವ ತಪ್ಪು ತಿದ್ದಿ ಅಂತ ರೆಕ್ಟಿಫಿಕೇಷನ್ ಅರ್ಜಿ ಹಾಕಿ ಸುಮ್ನೆ ಕಾಯ್ತಾ ಕೂರಬೇಡಿ. ನಾನು ಕೂತು ಕೆಟ್ಟೆ. ಹಾಂ, ಇನ್‌ಕಮ್ ಟ್ಯಾಕ್ಸ್ ಲೆಕ್ಕ ಬೇರೆ. ಅಲ್ಲಿ ಮೊದಲ ಮೇಲ್ಮನವಿಗೆ 30 ದಿನ ಮಾತ್ರ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಸಂಜೆಯೇ ಲೆಕ್ಕದ ಹುಡುಗನ ಜೊತೆ ಕೂರ್ತೀನಿ. ತಡಕ್ಕೆ ಕಾರಣ ಏನಂತ ಬರೆಯಲಿ?

ಪೀಣ್ಯದವರು: ಆಗಿದ್ದನ್ನೇ ಬರೆಯಿರಿ. ಮೊನ್ನೆ ತೆಗೆದ ಸ್ಕ್ರೀನ್‌ಶಾಟ್ ಇದ್ದರೆ ಜೊತೆಗಿಡಿ. ಕೊನೇ ದಿನದವರೆಗೆ ಬಿಡಬೇಡಿ, ಆವತ್ತೇ ಪೋರ್ಟಲ್ ಸುತ್ತುತ್ತಾ ಕೂರುತ್ತದೆ.